ಬಿಯರ್ ತೋಟಕ್ಕೆ ಅರ್ಧ ಗಂಟೆಯಂತೆ!

ಪ್ರವಾಸ ಹೋದಲ್ಲಿ ನಾನು ಓಡುವವಳಲ್ಲ, ಕೂರುವವಳು ಎಂದು ನಿಮಗೆಲ್ಲ ಗೊತ್ತೇ ಇದೆ. ಹಾಗಿರುವಾಗ ಜರ್ಮನಿಯ ಮ್ಯೂನಿಕ್‌ನಲ್ಲಿ, ಇಂಗ್ಲಿಷ್ ಗಾರ್ಡನ್ ಎಂಬ ದೊಡ್ಡ ಉದ್ಯಾನದ ಚೀನೀ ಗೋಪುರದ ಕೆಳಗಿನ ಬಿಯರ್ ತೋಟದಲ್ಲಿ, ಅಂದರೆ ಮರಗಳ ಕೆಳಗೆ ಬೆಂಚು ಹಾಕಿ ಬಿಯರ್ ಕೊಡುವ ಬಯಲಿನಲ್ಲಿ, ನಮ್ಮ ಟೂರ್ ಮ್ಯಾನೇಜರ್ ಗಡಿಯಾರ ನೋಡಿಕೊಂಡು ಅಪ್ಪಣೆ ಕೊಡಿಸಿದರು: 'ಫೋಟೊ ತೆಗೆದುಕೊಳ್ಳಿ, ಅರ್ಧ ಗಂಟೆಯಲ್ಲಿ ಬಸ್ಸಿನ ಹತ್ತಿರ ಇರಬೇಕು.' ಮೈಯೆಲ್ಲ ಉರಿದುಹೋಯಿತು.

ಅರ್ಧ ಗಂಟೆ! ಕೌಂಟರಿನ ಸಾಲಿನಲ್ಲಿ ನಿಂತು, ಮಗ್ಗಿಗೆ ಠೇವಣಿ ಕಟ್ಟಿ, ಸುಮಾರು 7,000 ಜನ ಹಿಡಿಸುವ ಆ ತೋಟದಲ್ಲಿ ಬೆಂಚಿನ ತುದಿಯೊಂದನ್ನು ಹುಡುಕುವಷ್ಟರಲ್ಲಿ ಮುಕ್ಕಾಲು ಪಾಲು ಹೊತ್ತು ಕಳೆದಿತ್ತು. ನಮ್ಮ ತಂಡದಲ್ಲಿ ಜಾಣರಿಗೇನು ಕೊರತೆ? ಯಾರೋ ಕುಡಿದಿಟ್ಟ ಒಂದು ಲೀಟರಿನ ಖಾಲಿ ಮಗ್ಗನ್ನು ಎತ್ತಿ ಹಿಡಿದು, 'ಚಿಯರ್ಸ್' ಎಂದು ಫೋಟೊ ತೆಗೆಸಿಕೊಂಡು, ಅಲ್ಲೇ ಇಟ್ಟು ಬಸ್ ಹತ್ತಿದರು.

ಅಲ್ಲ, ಆ ಜಾಗ ಹುಟ್ಟಿದ್ದೇ ನೆಮ್ಮದಿಯಾಗಿ ಕೂರುವುದಕ್ಕೆ. ಮ್ಯೂನಿಕ್ ಇರುವ ಬವೇರಿಯಾ ಸೀಮೆಯಲ್ಲಿ 1539ರ ಕಟ್ಟಳೆಯ ಪ್ರಕಾರ ಬೇಸಿಗೆಯಲ್ಲಿ ಬಿಯರ್ ತಯಾರಿಸುವಂತಿರಲಿಲ್ಲ. ಚಳಿಗಾಲದಲ್ಲಿ ಮಾಡಿದ್ದನ್ನು ನೆಲಮಾಳಿಗೆಯಲ್ಲಿ ತಂಪಾಗಿ ಇಡಬೇಕಿತ್ತು. ಅದರ ಮೇಲೆ ನೆರಳಿಗೆಂದು ಚೆಸ್ಟ್‌ನಟ್ ಮರಗಳನ್ನು ನೆಟ್ಟರು. ಅವುಗಳ ಬೇರು ಆಳಕ್ಕಿಳಿದು ಮಾಳಿಗೆಯನ್ನು ಕೆಡಿಸುವುದಿಲ್ಲ. ಆ ನೆರಳಿಗೆ ಜನ ಬಂದು ಕುಳಿತರು, ಮಾಳಿಗೆಯವರು ಅಲ್ಲೇ ಬಿಯರೂ ತಿನಿಸೂ ಮಾರಿದರು, ಊಟದ ಹೋಟೆಲಿನವರು ಹೊಟ್ಟೆ ಉರಿದುಕೊಂಡರು. 1812ರಲ್ಲಿ ರಾಜ ಮ್ಯಾಕ್ಸಿಮಿಲಿಯನ್ ಪಂಚಾಯಿತಿ ಮಾಡಿದ: ಬಿಯರ್ ಮಾರಿ, ಬ್ರೆಡ್ ಬಿಟ್ಟು ಬೇರೆ ತಿನಿಸು ಮಾರಬೇಡಿ. ಜನ ಬುತ್ತಿ ಕಟ್ಟಿಕೊಂಡು ಬರತೊಡಗಿದರು. ಇಂದಿಗೂ ಮೇಜುಬಟ್ಟೆ ಹಾಸದ ಮೇಜುಗಳಲ್ಲಿ ಮನೆಯ ಬುತ್ತಿ ಬಿಚ್ಚಬಹುದು.

ನನ್ನೆದುರು ಕುಳಿತಿದ್ದ ಅಜ್ಜಿ ಬುಟ್ಟಿಯಿಂದ ಚೌಕುಳಿ ಬಟ್ಟೆ ತೆಗೆದು ಹಾಸಿದರು. ಬಿಳಿ ಮೂಲಂಗಿಯನ್ನು ಸುರುಳಿ ಸುರುಳಿಯಾಗಿ ಹೆಚ್ಚಿ, ಉಪ್ಪು ಉದುರಿಸಿ, ಕೈಕಟ್ಟಿ ಕುಳಿತರು. ಮೂಲಂಗಿ ನೀರು ಬಿಡುವುದಕ್ಕೇ ಹತ್ತು ನಿಮಿಷ ಬೇಕು ಸ್ವಾಮಿ! ಅದು ನೀರು ಬಿಡುವ ಮೊದಲೇ ನನಗೆ ಬಸ್ಸಿನಿಂದ ಫೋನ್ ಬಂತು.

1995ರಲ್ಲಿ ಇಂಥದೇ ಒಂದು ತೋಟವನ್ನು ರಾತ್ರಿ ಬೇಗ ಮುಚ್ಚಬೇಕೆಂದು ಆದೇಶವಾದಾಗ ಮ್ಯೂನಿಕ್‌ನ ಜನ ಸಾವಿರಗಟ್ಟಲೆ ಬೀದಿಗಿಳಿದಿದ್ದರು. ನಾವೋ, ಅರ್ಧ ಗಂಟೆಗೆ ಬಾಯಿ ಮುಚ್ಚಿಕೊಂಡು ಬಸ್ ಹತ್ತಿದೆವು. ನಾನೂ ಹತ್ತಿದೆ, ಗೊಣಗುತ್ತಾ.

'ಕುಡಿಯದವರಿಗೆ ಅಲ್ಲೇನು ಕೆಲಸ?' ಎಂದರು ಸಹಪ್ರಯಾಣಿಕರೊಬ್ಬರು. ನಿಜ ಹೇಳಬೇಕೆಂದರೆ ಬಿಯರಿನ ಕಹಿ ನನಗೂ ಅಷ್ಟಕ್ಕಷ್ಟೇ. ನಾನು ಕುಡಿದದ್ದು ಸೇಬಿನ ರಸಕ್ಕೆ ಸೋಡಾ ಬೆರೆಸಿದ್ದು, ಯಾರೂ ಹುಬ್ಬೇರಿಸಲಿಲ್ಲ. ಪಕ್ಕದಲ್ಲೇ ಮಕ್ಕಳು ಹತ್ತಿ ಸುತ್ತುವ ಮರದ ಕುದುರೆಗಳೂ ಇವೆ. 'ದುಡ್ಡು ಸುರಿದು ಬಂದಿದ್ದೇವೆ, ಹತ್ತು ಜಾಗ ನೋಡುವುದು ಬೇಡವೇ?' ಎಂಬುದು ಇನ್ನೊಬ್ಬರ ವಾದ. ನೋಡೋಣ, ಬೇಡವೆಂದವರು ಯಾರು? ಆದರೆ ಅದೇ ಸಂಜೆ, ಫ್ರಿಜ್ಜಿಗೆ ಅಂಟಿಸುವ ಗೊಂಬೆಗಳನ್ನೂ ಕೋಗಿಲೆ ಗಡಿಯಾರಗಳನ್ನೂ ಮಾರುವ ಅಂಗಡಿಗೆ ಒಂದೂವರೆ ಗಂಟೆ ಎಲ್ಲಿಂದ ಬಂತು? ಅಲ್ಲಿ ಮಾತ್ರ ಮ್ಯಾನೇಜರ್ ಸಾಹೇಬರು ಗಡಿಯಾರ ನೋಡಲೇ ಇಲ್ಲ. ಸುತ್ತ ಗೋಡೆ ತುಂಬ ಗಡಿಯಾರಗಳೇ ಇದ್ದವು.

ನಿಮ್ಮಲ್ಲಿ ಯಾರಾದರೂ ಮ್ಯೂನಿಕ್ ಇರುವ ಪ್ಯಾಕೇಜ್ ಹಿಡಿಯುವುದಾದರೆ, ಮುಂಗಡ ಕಟ್ಟುವ ಮೊದಲು ಅಂಗಡಿಗೆ ಎಷ್ಟು ಹೊತ್ತು, ತೋಟಕ್ಕೆ ಎಷ್ಟು ಹೊತ್ತು ಎಂದು ಬರೆಸಿಕೊಳ್ಳಿ.