ಚೆಂಡು ಅಲಮಾರಿಯಲ್ಲಿ ಸುರಕ್ಷಿತ

ಕಲಬುರಗಿಯ ಸರ್ಕಾರಿ ಪ್ರೌಢಶಾಲೆಯೊಂದರ ಫುಟ್‌ಬಾಲ್ ಪರಂಪರೆ ಮಣ್ಣುಪಾಲಾಯಿತೆಂದು ಅದರ ಹಳೆಯ ವಿದ್ಯಾರ್ಥಿಗಳು ಚಹಾದಂಗಡಿಗಳಲ್ಲಿ ಕುಳಿತು ಹಲುಬುತ್ತಿರುವುದು ಇಲಾಖೆಗೆ ಬಗೆಯುತ್ತಿರುವ ಅನ್ಯಾಯ. ಒಂದು ಕಾಲಕ್ಕೆ ಈ ಶಾಲೆಯ ಹುಡುಗರು ವಿಭಾಗ ಮಟ್ಟದ ಪಂದ್ಯಕ್ಕೆ ಬಂದಿದ್ದಾರೆಂದರೆ ರಾಯಚೂರು, ಬಳ್ಳಾರಿಯ ತಂಡಗಳು ಚೀಟಿ ಎತ್ತುವ ಮುನ್ನವೇ ಹರಕೆ ಹೊರುತ್ತಿದ್ದವೆಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಈಗಲೂ ಕಡತದಲ್ಲಿ ಚೆಂಡಿದೆ, ಮೈದಾನವಿದೆ, ದೈಹಿಕ ಶಿಕ್ಷಣ ಶಿಕ್ಷಕರ ಹುದ್ದೆಯಿದೆ, ವೇಳಾಪಟ್ಟಿಯಲ್ಲಿ ಆಟದ ಅವಧಿಯೂ ಇದೆ. ಇಷ್ಟೆಲ್ಲ ಇದ್ದೂ ಆಡುವವರಿಲ್ಲವೆಂದರೆ ಸರ್ಕಾರವಾದರೂ ಏನು ಮಾಡಬೇಕು?

ಚೆಂಡಿನ ಸಂಗತಿಯನ್ನೇ ನೋಡೋಣ. ನಿಯಮದ ಪ್ರಕಾರ ಅದರ ಸುತ್ತಳತೆ 68ರಿಂದ 70 ಸೆಂಟಿಮೀಟರ್, ತೂಕ 410ರಿಂದ 450 ಗ್ರಾಂ ಇರಬೇಕು. ಶಾಲೆಯ ಚೆಂಡನ್ನು ಹಾಗೆ ಅಳೆಯುವ, ತೂಗುವ ಪ್ರಸಂಗವೇ ಬಂದಿಲ್ಲ. ಏಕೆಂದರೆ ಅದು ಮುಖ್ಯ ಗುರುಗಳ ಕೋಣೆಯ ಕಬ್ಬಿಣದ ಅಲಮಾರಿಯಲ್ಲಿ, ಅಂಗಡಿಯವನು ಸುತ್ತಿಕೊಟ್ಟ ಪ್ಲಾಸ್ಟಿಕ್ ಹೊದಿಕೆಯನ್ನೂ ಕಳಚದೆ, ಹೊಟ್ಟೆ ಒಳಗೆಳೆದುಕೊಂಡು, ಹೊದಿಕೆಯ ಮೇಲೆ ಬರೆದ ದಾಸ್ತಾನು ಸಂಖ್ಯೆ ಹೊರಗೆ ಕಾಣುವಂತೆ ಕುಳಿತಿದೆ. ಗಾಳಿ ತುಂಬುವ ಪಂಪು ಇದೆ, ಅದರ ಸೂಜಿ ಇಲ್ಲ; ಸೂಜಿಗಾಗಿ ಬರೆದ ಪತ್ರ ಇದೆ. ಲೆಕ್ಕ ತಪಾಸಣೆಗೆ ಬಂದವರಿಗೆ ಇಡಿಯಾಗಿ ತೋರಿಸಬೇಕಾದ ಸರ್ಕಾರಿ ಸ್ವತ್ತನ್ನು ಮಕ್ಕಳ ಕಾಲಿಗೆ ಒಪ್ಪಿಸಲು ಯಾವ ಗುಮಾಸ್ತರಿಗೆ ತಾನೇ ಮನಸ್ಸು ಬಂದೀತು? “ಚಂಡು ಕೊಟ್ರ ಹುಡುಗ್ರು ಒದೀತಾರ್ರೀ ಸರ” ಎಂದು ಅವರು ಹೇಳುವಾಗ ಮುಖದಲ್ಲಿ ನಿಜವಾದ ಸಂಕಟವೇ ಕಾಣುತ್ತದೆ.

ಮೈದಾನದ ಕಥೆ ಇದಕ್ಕಿಂತಲೂ ಸಮೃದ್ಧವಾದದ್ದು. ಚುನಾವಣೆಯ ಕಾಲದಲ್ಲಿ ನಾಯಕರೊಬ್ಬರ ಹೆಲಿಕಾಪ್ಟರ್ ಇಳಿಯಲೆಂದು ಎರೆಮಣ್ಣಿನ ಮೇಲೆ ಕಡಿ ಹರವಿ, ರೋಲರ್ ಉರುಳಿಸಿ, ನಟ್ಟನಡುವೆ ಸುಣ್ಣದಲ್ಲಿ ದೊಡ್ಡದೊಂದು ವೃತ್ತ ಎಳೆದು, ಅದರೊಳಗೆ ‘ಎಚ್’ ಅಕ್ಷರವನ್ನು ಬರೆಯಲಾಯಿತು. ಹೆಲಿಕಾಪ್ಟರ್ ಅಂದೇ ಹೊರಟುಹೋಯಿತು, ಕಡಿ ಮಾತ್ರ ಖಾಯಂ ಆಯಿತು. ಫುಟ್‌ಬಾಲ್ ಮೈದಾನದ ನಡುವಣ ವೃತ್ತಕ್ಕೆ 9.15 ಮೀಟರ್ ತ್ರಿಜ್ಯವಿರಬೇಕೆಂದು ಹಳೆಯ ಆಟಗಾರರೊಬ್ಬರು ಮನವಿ ಸಲ್ಲಿಸಿದಾಗ, ವೃತ್ತವೊಂದು ಈಗಾಗಲೇ ಲಭ್ಯವಿರುವುದರಿಂದ ಮತ್ತೊಂದಕ್ಕೆ ಸುಣ್ಣದ ವೆಚ್ಚ ಭರಿಸಲು ಅವಕಾಶವಿಲ್ಲವೆಂಬ ಹಿಂಬರಹ ಅವರ ಕೈಸೇರಿತು. ಅನಂತರ ಮದುವೆಯ ಪೆಂಡಾಲುಗಳು ಬಂದವು, ಸೀರೆ ಮಾರಾಟ ಮೇಳಗಳು ಬಂದವು, ಅವುಗಳ ಗೂಟದ ಕುಣಿಗಳು ಉಳಿದವು. 7.32 ಮೀಟರ್ ಅಗಲದ ಗೋಲಿನ ಒಂದು ಕಂಬ ಶಾಮಿಯಾನದ ಹಗ್ಗಕ್ಕೂ ಇನ್ನೊಂದು ಬಟ್ಟೆ ಒಣಹಾಕುವ ತಂತಿಗೂ ಮೀಸಲಾಗಿದ್ದು, ಇವೆರಡರ ನಡುವೆ ಚೆಂಡು ತೂರಬೇಕೆಂದರೆ ಸಂಬಂಧಪಟ್ಟವರ ನಿರಾಕ್ಷೇಪಣಾ ಪತ್ರ ಬೇಕಾಗುತ್ತದೆ.

ಹುದ್ದೆಯ ವಿಚಾರಕ್ಕೆ ಬಂದರೆ, ಸಂವಿಧಾನದ 371(ಜೆ) ಕಲಮು 2013ರಲ್ಲಿ ಜಾರಿಗೆ ಬಂದು ಈ ಭಾಗಕ್ಕೆ ನೇಮಕಾತಿಯಲ್ಲಿ ವಿಶೇಷ ಅವಕಾಶ ಒದಗಿಸಿತು. ಈ ಶಾಲೆಯ ದೈಹಿಕ ಶಿಕ್ಷಣ ಶಿಕ್ಷಕರ ಹುದ್ದೆಯಂತೂ ಖಾಲಿ ಇರುವುದರಲ್ಲಿಯೇ ತನ್ನ ವಿಶೇಷವನ್ನು ಕಾಯ್ದುಕೊಂಡಿದೆ. ಪ್ರಭಾರ ವಹಿಸಿಕೊಂಡಿರುವ ಹಿಂದಿ ಶಿಕ್ಷಕರು ಮತದಾರರ ಪಟ್ಟಿ, ಸಮೀಕ್ಷೆ, ಮೊಟ್ಟೆ ಬಾಳೆಹಣ್ಣಿನ ಲೆಕ್ಕ ಇವೆಲ್ಲ ಮುಗಿದ ಮೇಲೆ ಉಸಿರು ಉಳಿದಿದ್ದರೆ ಪ್ರಾರ್ಥನೆಗೆ ಸೀಟಿ ಊದುತ್ತಾರೆ. ಶಾಲಾ ಮಾಸ್ತರರಿಂದ ಏನಾದೀತೆಂದು ಯಾರೂ ಹಗುರವಾಗಿ ಮಾತನಾಡಬೇಕಿಲ್ಲ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತವನ್ನು ನಾಲ್ಕನೆಯ ಸ್ಥಾನಕ್ಕೂ 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನಕ್ಕೂ ಕರೆದೊಯ್ದ ತರಬೇತುದಾರ ಸೈಯದ್ ಅಬ್ದುಲ್ ರಹೀಂ ಅವರು ಹೈದರಾಬಾದಿನ ಶಾಲಾ ಮಾಸ್ತರರಾಗಿದ್ದವರು. ಅದೇ 1956ರ ನವೆಂಬರ್ 1ರಂದು ಕಲಬುರಗಿ ಹೈದರಾಬಾದ್ ರಾಜ್ಯದಿಂದ ಬೇರೆಯಾಗಿ ಮೈಸೂರು ರಾಜ್ಯವನ್ನು ಸೇರಿತು. ಹಂಚಿಕೆಯಲ್ಲಿ ಅಲ್ಲಿಯ ಆಟದ ಹುಚ್ಚೂ ನಮ್ಮ ಪಾಲಿಗೆ ಒಂದಷ್ಟು ಬಂದಿತ್ತು, ಕಚೇರಿಯ ರೀತಿ ರಿವಾಜುಗಳೂ ಬಂದಿದ್ದವು. ಹುಚ್ಚು ಬಿಟ್ಟಿತು, ರಿವಾಜು ಬಿಡಲಿಲ್ಲ.

ಇನ್ನು ಆಟದ ಅವಧಿಯನ್ನು ಗಣಿತಕ್ಕೆ ಬಿಟ್ಟುಕೊಟ್ಟಿದ್ದು ಫಲಿತಾಂಶ ಸುಧಾರಣೆಗಾಗಿ. ಈ ತ್ಯಾಗಕ್ಕೆ ಸಿಕ್ಕ ಪ್ರತಿಫಲವೆಂದರೆ, 2024ರಲ್ಲಿ ಯಾದಗಿರಿ ಜಿಲ್ಲೆಯ ಬಳಿಯಿದ್ದ ಎಸ್‌ಎಸ್‌ಎಲ್‌ಸಿಯ ಕೊನೆಯ ಸ್ಥಾನವನ್ನು 2025ರ ಮೊದಲ ಪರೀಕ್ಷೆಯಲ್ಲಿ ಶೇ 42.43 ಫಲಿತಾಂಶದೊಂದಿಗೆ ಕಲಬುರಗಿ ಜಿಲ್ಲೆ ತನ್ನದಾಗಿಸಿಕೊಂಡು, ಅದು ವಿಭಾಗದ ಹೊರಗೆ ಹೋಗದಂತೆ ನೋಡಿಕೊಂಡಿತು. ಚೆಂಡು ಮುಟ್ಟದ ಮಕ್ಕಳು ಪಾಸೂ ಆಗಲಿಲ್ಲವೇಕೆಂದು ಚರ್ಚಿಸಲು ಶಾಲೆಯಲ್ಲಿ ಕರೆದ ಸಭೆಯು, ಮಕ್ಕಳ ಗಮನ ಇನ್ನೂ ಆಟದ ಕಡೆಗೇ ಇದೆಯೆಂದು ಒಮ್ಮತದಿಂದ ಕಂಡುಕೊಂಡು, ಉಳಿದಿದ್ದ ಶನಿವಾರದ ಕವಾಯತನ್ನೂ ವಿಜ್ಞಾನಕ್ಕೆ ವರ್ಗಾಯಿಸಿತು.

ಇಂತಹ ಸ್ಥಿತಿಯಲ್ಲಿಯೂ ಶಾಲೆ ಈ ಸಲ ತಾಲ್ಲೂಕು ಮಟ್ಟದಲ್ಲಿ ಗೆದ್ದಿತು. ಒಂದು ತಂಡದಲ್ಲಿ ಏಳಕ್ಕಿಂತ ಕಡಿಮೆ ಆಟಗಾರರಿದ್ದರೆ ಪಂದ್ಯ ಆರಂಭಿಸುವಂತಿಲ್ಲವೆಂಬುದು ಫುಟ್‌ಬಾಲಿನ ನಿಯಮ. ಖೋ-ಖೋ ತಂಡದ ಮೂವರನ್ನೂ ಜ್ವರದಿಂದ ಮಲಗಿದ್ದ ಒಬ್ಬನನ್ನೂ ಎಬ್ಬಿಸಿ ತಂದು ನಮ್ಮವರು ಏಳಾದರು. ಎದುರಿನ ಶಾಲೆಯವರು ಐದರಲ್ಲಿಯೇ ನಿಂತರು, ಅವರ ಜ್ವರದವರು ಏಳಲಿಲ್ಲವೆಂದು ಕಾಣುತ್ತದೆ. ಒಂದೇ ಒಂದು ಒದೆಯೂ ಇಲ್ಲದೆ ಲಭಿಸಿದ ಈ ವಿಜಯಕ್ಕಾಗಿ ನಡೆದ ಸನ್ಮಾನ ಸಮಾರಂಭವು ಪೂರ್ಣಾವಧಿಯ ಪಂದ್ಯದ ತೊಂಬತ್ತು ನಿಮಿಷವನ್ನೂ ಮೀರಿತು. ವೇದಿಕೆಯಲ್ಲಿ ಗಣ್ಯರಿಗೆ ಕುರ್ಚಿ ಸಾಲದೆ ಆಟಗಾರರು ಕೆಳಗೆ ನಿಂತರು. ಗೆಲುವಿನ ನೆನಪಿಗಾಗಿ ಮೈದಾನದಲ್ಲಿ ಭವ್ಯವಾದ ಸ್ವಾಗತ ಕಮಾನು ಕಟ್ಟಿಸುವುದಾಗಿ ಮುಖ್ಯ ಅತಿಥಿಗಳು ಘೋಷಿಸಿದ್ದೇ ತಡ, ಮರುವಾರವೇ ಎಂಜಿನಿಯರರು ಟೇಪು ಹಿಡಿದು ಬಂದು ಇಡೀ ಮೈದಾನವನ್ನು ಅಳೆದರು. ಎರಡು ಕಂಬಗಳು ನೆಟ್ಟಿದ್ದು ನೆಲವೂ ಗಟ್ಟಿಯಾಗಿರುವುದರಿಂದ ಕಮಾನಿನ ಅಡಿಪಾಯಕ್ಕೆ ಗೋಲಿನ ಜಾಗವೇ ಪ್ರಶಸ್ತವೆಂದು ಅವರು ಗುರುತು ಹಾಕಿ ಹೋಗಿದ್ದಾರೆ.