ತಲೆಗೆ ಪೆಟ್ಟಾದರೆ ಆ್ಯಂಟಿಆಕ್ಸಿಡೆಂಟ್ ಮಾತ್ರೆ: ನನ್ನದೊಂದು ತಕರಾರು

ತಲೆಗೆ ಜೋರು ಪೆಟ್ಟಾಗಿ ಯಾರಾದರೂ ಐಸಿಯು ಸೇರಿದರೆ ಸಾಕು, ಮನೆಯವರ ಮೊಬೈಲಿಗೆ ಸಲಹೆಗಳು ಬಂದು ಬೀಳುತ್ತವೆ. ಒಬ್ಬರು ವಿಟಮಿನ್ ಇ ಅಂತಾರೆ, ಇನ್ನೊಬ್ಬರು ಮಿದುಳು ಉಳಿಸುವ ದುಬಾರಿ ಆ್ಯಂಟಿಆಕ್ಸಿಡೆಂಟ್ ಕ್ಯಾಪ್ಸೂಲಿನ ಲಿಂಕ್ ಕಳಿಸ್ತಾರೆ. ಅವರ ಕಾಳಜಿಯ ಬಗ್ಗೆ ನನಗೆ ಅನುಮಾನವಿಲ್ಲ, ಸಲಹೆಯ ಬಗ್ಗೆ ಇದೆ.

ವಿಜ್ಞಾನವೇನೋ ನಿಜ. ಪೆಟ್ಟು ಬಿದ್ದ ಕ್ಷಣದಲ್ಲೇ ಹರಿದ ನರಗಳನ್ನು, ಒಡೆದ ರಕ್ತನಾಳಗಳನ್ನು ಯಾವ ಔಷಧವೂ ಮೊದಲಿನಂತೆ ಮಾಡಲಾರದು. ಆದರೆ ಹಾನಿ ಅಲ್ಲಿಗೇ ನಿಲ್ಲುವುದಿಲ್ಲ. ಗಂಟೆಗಟ್ಟಲೆ, ದಿನಗಟ್ಟಲೆ ಮುಂದುವರಿಯುತ್ತದೆ. ಗಾಯಗೊಂಡ ಕೋಶಗಳಿಂದ ನರಕೋಶಗಳನ್ನು ಕೆರಳಿಸುವ ಗ್ಲುಟಮೇಟ್ ಎಂಬ ರಾಸಾಯನಿಕ ಹೊರಚೆಲ್ಲುತ್ತದೆ, ಪಕ್ಕದ ಕೋಶಗಳೊಳಗೆ ಕ್ಯಾಲ್ಸಿಯಂ ನುಗ್ಗುತ್ತದೆ, ಕೋಶಕ್ಕೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾಗಳ ಹದ ತಪ್ಪಿ, ಸುತ್ತಲಿನದನ್ನು ಕೆಡಿಸುವ ಚುರುಕು ಅಣುಗಳಾದ ಫ್ರೀ ರ್‍ಯಾಡಿಕಲ್‌ಗಳು ಹೆಚ್ಚುತ್ತವೆ. ಸೋರಿದ ರಕ್ತದಿಂದ ಬಿಡುಗಡೆಯಾದ ಕಬ್ಬಿಣ ಅದನ್ನು ಇನ್ನಷ್ಟು ಕೆರಳಿಸುತ್ತದೆ. ದೇಹದ ತೂಕದಲ್ಲಿ ಶೇ 2ರಷ್ಟಿರುವ ಮಿದುಳು ಬಳಸುವ ಆಮ್ಲಜನಕ ಶೇ 20ರಷ್ಟು! ಅದರ ಕೋಶಪೊರೆಗಳಲ್ಲಿರುವುದೋ ಬಹುಬೇಗ ಕೆಡುವ ಜಾತಿಯ ಕೊಬ್ಬು. ಹಳೇ ಎಣ್ಣೆ ಕಮಟು ಹಿಡಿಯುತ್ತದಲ್ಲ, ಇಲ್ಲೂ ಅದೇ ರಸಾಯನಕ್ರಿಯೆ: ಕೆಟ್ಟ ಒಂದು ಅಣು ಪಕ್ಕದ್ದನ್ನೂ ಕೆಡಿಸುತ್ತಾ ಹೋಗುತ್ತದೆ.

ಹಾಗಾದರೆ ಈ ರ್‍ಯಾಡಿಕಲ್‌ಗಳನ್ನು ತಣಿಸುವ ಆ್ಯಂಟಿಆಕ್ಸಿಡೆಂಟ್ ಕೊಟ್ಟರಾಯ್ತಲ್ಲ? ಸಂಶೋಧಕರೂ ಹಾಗೇ ಯೋಚಿಸಿದ್ದರು. ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್ ಎಂಬ ಆ್ಯಂಟಿಆಕ್ಸಿಡೆಂಟ್ ಕಿಣ್ವವನ್ನು ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುವಂತೆ ಮಾರ್ಪಡಿಸಿ 463 ರೋಗಿಗಳಲ್ಲಿ ಪರೀಕ್ಷಿಸಿದರು. 1996ರಲ್ಲಿ ಬಂದ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಕೊಬ್ಬು ಕೆಡುವುದನ್ನು ತಡೆಯಲೆಂದೇ ತಯಾರಿಸಿದ ಟಿರಿಲಜಾಡ್ ಕೂಡ ಸೋತಿತು. ಅತ್ಯಂತ ಕಹಿ ಪಾಠ ಸ್ಟೀರಾಯ್ಡ್ ಔಷಧ ಮೀಥೈಲ್‌ಪ್ರೆಡ್ನಿಸೊಲೋನ್‌ನದು. ಪ್ರಾಣಿಗಳಲ್ಲಿ ಅದರ ದೊಡ್ಡ ಡೋಸ್ ಇದೇ ಕ್ರಿಯೆಯನ್ನು ತಡೆದಿತ್ತು. ಆದರೆ ತಲೆಗೆ ಪೆಟ್ಟಾದ 10,008 ಜನರ ಮೇಲೆ ನಡೆದ ‘ಕ್ರ್ಯಾಶ್’ ಹೆಸರಿನ ಟ್ರಯಲ್‌ನಲ್ಲಿ, ಎರಡು ವಾರದೊಳಗೆ ಸತ್ತವರು ಔಷಧ ಪಡೆದವರಲ್ಲಿ ಶೇ 21.1, ಪಡೆಯದವರಲ್ಲಿ ಶೇ 17.9. ಅಂದರೆ ಆ ಔಷಧದಿಂದ ಹೆಚ್ಚು ಜನ ಸತ್ತರು. 2004ರ ಈ ವರದಿ ಓದಿದ ಮೇಲೂ ‘ಕೊಟ್ಟರೆ ನಷ್ಟವೇನು’ ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಲ್ಯಾಬಿನ ಇಲಿಗಳಿಗೆಲ್ಲ ಒಂದೇ ಥರದ ಪೆಟ್ಟು, ಔಷಧವೂ ಎಷ್ಟೋ ಸಲ ನಿಮಿಷಗಳಲ್ಲೇ ಸಿಗುತ್ತದೆ. ಮನುಷ್ಯರದು ಒಬ್ಬೊಬ್ಬರದು ಒಂದೊಂದು ಗಾಯ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಗಂಟೆಗಳೇ ಕಳೆದಿರುತ್ತವೆ. ಮೇಲಾಗಿ ಎಷ್ಟೋ ಔಷಧಗಳು ರಕ್ತದಿಂದ ಮಿದುಳಿಗೆ ದಾಟುವುದೇ ಇಲ್ಲ.

ಹಾಗಾಗಿ ನನ್ನ ದೃಷ್ಟಿಯಲ್ಲಿ ಸದ್ಯಕ್ಕಿರುವ ನಿಜವಾದ ಆ್ಯಂಟಿಆಕ್ಸಿಡೆಂಟ್ ಚಿಕಿತ್ಸೆ ಅಂದರೆ ಮೊದಲ ಗಂಟೆಗಳಲ್ಲಿ ಉಸಿರು ಮತ್ತು ಬಿಪಿ ಕಾಯುವುದು. ತೀವ್ರ ಪೆಟ್ಟಾದ 717 ಜನರ ದಾಖಲೆಗಳನ್ನು ನೋಡಿದ 1993ರ ಅಧ್ಯಯನದಲ್ಲಿ, ಮೇಲಿನ ಬಿಪಿ 90ಕ್ಕಿಂತ ಕೆಳಗಿಳಿದವರಲ್ಲಿ ಸಾವು ದುಪ್ಪಟ್ಟಿಗೂ ಮೀರಿತ್ತು. ಬಿಪಿ ಇಳಿದು ಮಿದುಳಿಗೆ ರಕ್ತ ಸಾಲದೆ ಹೋದರೆ ಮೈಟೊಕಾಂಡ್ರಿಯಾ ಇನ್ನಷ್ಟು ಕೆಡುತ್ತವೆ. ರಕ್ತ ಮತ್ತೆ ಹರಿದಾಗ ರ್‍ಯಾಡಿಕಲ್‌ಗಳ ಹೊಸ ಅಲೆಯೇ ಏಳುತ್ತದೆ. ಆಂಬ್ಯುಲೆನ್ಸಿನಲ್ಲಿ ಆಕ್ಸಿಜನ್ ಮಾಸ್ಕ್ ಸರಿಯಾಗಿ ಕೂರಿಸುವವರ ಫೋಟೊ ಹಾಕಿ ಯಾರೂ ಕ್ಯಾಪ್ಸೂಲ್ ಮಾರುವುದಿಲ್ಲ, ಬಿಡಿ.

ಒಂದು ಆಸೆಯ ಎಳೆ ಇದೆ. ಬಾಂಬ್ ಸ್ಫೋಟದಲ್ಲಿ ಸೌಮ್ಯ ಪೆಟ್ಟಾದ 81 ಸೈನಿಕರಲ್ಲಿ, 24 ಗಂಟೆಯೊಳಗೆ ಆ್ಯಂಟಿಆಕ್ಸಿಡೆಂಟ್ ಗುಣದ ಔಷಧ ಎನ್-ಅಸಿಟೈಲ್‌ಸಿಸ್ಟೀನ್ ಶುರು ಮಾಡಿದವರು ಬೇಗ ಸುಧಾರಿಸಿದ್ದು 2013ರಲ್ಲಿ ವರದಿಯಾಯಿತು. ಸಣ್ಣ ಅಧ್ಯಯನ, ಸೌಮ್ಯ ಗಾಯ. ಐಸಿಯುನಲ್ಲಿರುವವರಿಗೆ ಅದನ್ನು ಅನ್ವಯಿಸಲಾಗದು.

ವಿಟಮಿನ್ ಇ ವಿಷಯ ಬೇರೆ: ಹೆಚ್ಚಿನ ಡೋಸಿನಲ್ಲಿ ಅದು ರಕ್ತಸ್ರಾವದ ಅಪಾಯವನ್ನು ಹೆಚ್ಚಿಸಬಲ್ಲದು. ರೋಗಿ ಮೊದಲಿಂದಲೂ ತೆಗೆದುಕೊಳ್ಳುತ್ತಿದ್ದರೆ, ಅಥವಾ ನೀವೇ ಗುಟ್ಟಾಗಿ ಕೊಟ್ಟಿದ್ದರೆ, ಡಾಕ್ಟರಿಗೆ ಇವತ್ತೇ ಹೇಳಿ.