ಊಟಕ್ಕೆ ಸಿಕ್ಕಿತಲ್ಲ, ಇನ್ನು ಗಾಳ ಎಳ್ಕೊಳ್ಳಿ

ಬೆಳಿಗ್ಗೆಯಿಂದ ತಲೆ ಕೆಟ್ಟಿದೆ. ರಾತ್ರಿ ಗಾಳಿ ಜೋರಿತ್ತು, ಲಂಗರು ಸರಿಯಾಗಿ ಕಚ್ಚಿಕೊಂಡಿದೆಯಾ ನೋಡೋಣ ಅಂತ ಮಾಸ್ಕ್ ಹಾಕಿಕೊಂಡು ನೀರಿಗಿಳಿದೆ. ನಾಲ್ಕೈದು ಮೀಟರ್ ಕೆಳಗೆ, ಮರಳಿನ ಮೇಲೆ, ಮೀನಿನ ತುಂಡುಗಳು ಬಿದ್ದಿದ್ದವು. ತಲೆಯಲ್ಲ, ಮುಳ್ಳಲ್ಲ. ಚರ್ಮ ಸುಲಿದು ನೀಟಾಗಿ ಕೊಯ್ದ, ಮೊಳದುದ್ದದ ಮಾಂಸ. ಎಣಿಸಿದೆ, ಆರು ಇದ್ದವು. ನಾನು ನೀರಿಗಿಳಿಯುವ ಸ್ವಲ್ಪ ಮುಂಚೆ ಪಕ್ಕದ ದೋಣಿಯಿಂದ ದಬದಬ ಸದ್ದು ಕೇಳಿದ್ದು ಇದೇ ಅಂತ ಆಗ ಗೊತ್ತಾಯಿತು. ಮೊನ್ನೆ ಸಂಜೆ ಅವರು ಬಂದು ಲಂಗರು ಹಾಕಿದಾಗ ಎರಡು ದೊಡ್ಡ ಮಾಹಿಮಾಹಿ ಮೀನು ಎತ್ತಿ ಹಿಡಿದು ಫೋಟೊ ತೆಗೆದುಕೊಳ್ಳುತ್ತಿದ್ದರು. ನಾವೂ ಖುಷಿಯಿಂದ ಕೈ ಬೀಸಿದ್ದೆವು. ಆ ದೋಣಿಯಲ್ಲಿ ಇರೋದು ಇಬ್ಬರು.

ನಾವು ಹಾಯಿದೋಣಿಯನ್ನೇ ಮನೆ ಮಾಡಿಕೊಂಡು ಇದು ಐದನೇ ವರ್ಷ, ನಿಮಗೆಲ್ಲ ಗೊತ್ತೇ ಇದೆ. ವಾರಗಟ್ಟಲೆ ಅಂಗಡಿಯ ಮುಖ ಕಾಣದ ಕಡೆ ಇರುತ್ತೇವೆ. ರಾತ್ರಿ ತಟ್ಟೆಗೆ ಮೀನು ಬೇಕು ಅಂದರೆ ನಾವೇ ಹಿಡಿಯಬೇಕು, ನಾವೇ ಕೊಲ್ಲಬೇಕು. ಹಾಗಾಗಿ ಮೀನು ಹಿಡಿಯಬೇಡಿ ಅನ್ನುವ ಮಾತು ನನ್ನ ಬಾಯಿಂದ ಬರೋದಿಲ್ಲ. ನಾನು ಹೇಳೋದು ಇಷ್ಟೇ. ಊಟಕ್ಕೆ ಸಿಕ್ಕಮೇಲೆ ಗಾಳ ಒಳಗೆ ಎಳೆದುಕೊಳ್ಳಿ.

ಇದರಲ್ಲಿ ಕಷ್ಟ ಏನಿದೆ? ನಮ್ಮ ಹತ್ತಿರ ಇರೋದು ಒಂದೇ ಕೈಗಾಳ. ದಪ್ಪ ದಾರ, ತುದಿಯಲ್ಲಿ ಉಕ್ಕಿನ ತಂತಿ, ಗುಲಾಬಿ ಬಣ್ಣದ ಪ್ಲಾಸ್ಟಿಕ್ ಸ್ಕ್ವಿಡ್ಡು, ಒಂದು ಕೊಕ್ಕೆ. ತಂತಿ ಯಾಕೆಂದರೆ ವಾಹೂ ಅನ್ನುವ ಮೀನಿನ ಚೂಪು ಹಲ್ಲಿಗೆ ದಾರ ನಿಲ್ಲೋದಿಲ್ಲ. ದೋಣಿ ಐದಾರು ನಾಟ್, ಅಂದರೆ ಗಂಟೆಗೆ ಸುಮಾರು ಹತ್ತು ಕಿಲೋಮೀಟರ್ ವೇಗದಲ್ಲಿ ಓಡುವಾಗ ಹಿಂದೆ ಬಿಟ್ಟುಕೊಂಡು, ಈ ಕಡೆ ತುದಿಯನ್ನು ರಬ್ಬರ್ ಹಗ್ಗಕ್ಕೆ ಕಟ್ಟಿ ನಮ್ಮ ಕೆಲಸ ನೋಡಿಕೊಳ್ಳುತ್ತೇವೆ. ರಬ್ಬರ್ ಬಿಗಿದು ಉದ್ದವಾಯಿತೋ, ಮೀನು ಸಿಕ್ಕಿತು ಅಂತ. ಚರ್ಮದ ಕೈಗವಸು ಹಾಕಿಕೊಂಡು ಕೈ ಕೈ ಬದಲಿಸಿ ಎಳೆಯಬೇಕು. ಆ ಹದಿನೈದು ನಿಮಿಷ ಮೈಯೆಲ್ಲ ಕಣ್ಣಾಗಿರುತ್ತದೆ, ಸುಳ್ಳು ಹೇಳೋದಿಲ್ಲ. ಆದರೆ ಮೀನು ಡೆಕ್ಕಿಗೆ ಬಂತು ಅಂದಮೇಲೆ ಅದೇ ದಾರವನ್ನು ಮತ್ತೆ ನೀರಿಗೆ ಬಿಡೋದು ಯಾಕೆ?

ಮಾಹಿಮಾಹಿ ಸಾಯೋದನ್ನು ಹತ್ತಿರದಿಂದ ನೋಡಿದವರು ಎರಡನೆಯದಕ್ಕೆ ಕೈ ಹಾಕಬಾರದು ಅನಿಸುತ್ತದೆ ನನಗೆ. ನೀರಿಂದ ಬಂದಾಗ ಚಿನ್ನದ ಬಣ್ಣ, ಬೆನ್ನ ಮೇಲೆ ನವಿಲುನೀಲಿ, ಮೈತುಂಬ ಚುಕ್ಕಿ. ಕಿವಿರಿಗೆ ಸ್ವಲ್ಪ ಮದ್ಯ ಸುರಿದರೆ ಬಡಿದಾಟ ನಿಲ್ಲುತ್ತದೆ, ತಕ್ಷಣ ಮಿದುಳಿಗೆ ಚಾಕು ಇಳಿಸುತ್ತೇವೆ. ನೋಡನೋಡುತ್ತಿದ್ದ ಹಾಗೆ ಹಳದಿ ಹೋಗಿ ಬೆಳ್ಳಿ ಬಣ್ಣ, ಆಮೇಲೆ ಬೂದಿ. ಪ್ರತಿ ಸಲವೂ ನಮ್ಮಿಬ್ಬರ ಮಾತು ನಿಂತುಹೋಗುತ್ತದೆ.

ಫ್ರೀಜರ್ ಇದೆಯಲ್ಲ ಅನ್ನುತ್ತಾರೆ. ಸೋಲಾರ್ ಪ್ಯಾನೆಲ್ ನಂಬಿಕೊಂಡ ದೋಣಿಯ ಫ್ರೀಜರ್ ಎಷ್ಟು ದೊಡ್ಡದಿರುತ್ತದೆ? ಹತ್ತು ಕೆಜಿ ಮೀನು ಕೊಯ್ದರೆ ನಾಲ್ಕು ಕೆಜಿಗೂ ಮೀರಿ ಮಾಂಸ ಬರುತ್ತದೆ, ಎರಡು ಮೀನಿನದು ಅಂದರೆ ಯೋಚನೆ ಮಾಡಿ. ಟ್ಯೂನಾ, ಮಾಹಿಮಾಹಿ ಇವೆಲ್ಲ ಬೇಗ ತಣ್ಣಗಾಗಿ 4 ಡಿಗ್ರಿಯೊಳಗೆ ಇರದಿದ್ದರೆ ಬ್ಯಾಕ್ಟೀರಿಯಾ ಮಾಂಸದಲ್ಲೇ ಹಿಸ್ಟಮೈನ್ ಅನ್ನುವ ರಾಸಾಯನಿಕ ತಯಾರು ಮಾಡುತ್ತದೆ. ಆಮೇಲೆ ಎಷ್ಟು ಬೇಯಿಸಿದರೂ ಹೋಗೋದಿಲ್ಲ. ತಿಂದವರ ಮುಖ ಕೆಂಪೇರಿ, ತಲೆ ಸಿಡಿದು, ಎದೆ ಡವಗುಟ್ಟುತ್ತದೆ. ಕೊನೆಗೆ ಎಲ್ಲ ಸಮುದ್ರಕ್ಕೇ ಹೋಗಬೇಕು. ಇವತ್ತು ಹೋದ ಹಾಗೆ.

ಹವಳದ ದಿಬ್ಬದ ಹತ್ತಿರ ಈಟಿ ಹಿಡಿದು ಮುಳುಗುವವರ ಆಸೆಯಂತೂ ಇನ್ನೂ ಕೆಟ್ಟದ್ದು. ಇದ್ದುದರಲ್ಲಿ ದೊಡ್ಡದೇ ಬೇಕು ಅವರಿಗೆ. ದೊಡ್ಡ ಬರಾಕುಡ, ದೊಡ್ಡ ಗ್ರೂಪರ್ ಅಂದರೆ ಸಿಗ್ವಟೆರಾ ವಿಷ ಜಾಸ್ತಿ ಕೂಡಿರುವ ಸಂಭವವೂ ಜಾಸ್ತಿ. ಪಾಚಿಯ ಮೇಲಿರುವ ಸೂಕ್ಷ್ಮಜೀವಿಯಿಂದ ಚಿಕ್ಕ ಮೀನಿಗೆ, ಅಲ್ಲಿಂದ ದೊಡ್ಡದಕ್ಕೆ ಹತ್ತುತ್ತಾ ಹೋಗುವ ವಿಷ ಅದು. ವಾಸನೆ ಇಲ್ಲ, ರುಚಿ ಇಲ್ಲ, ಬೇಯಿಸಿದರೂ ಹೆಪ್ಪುಗಟ್ಟಿಸಿದರೂ ಸಾಯೋದಿಲ್ಲ. 1774ರಲ್ಲಿ ಇಂಗ್ಲಿಷ್ ನಾವಿಕ ಕ್ಯಾಪ್ಟನ್ ಕುಕ್‌ನ ಹಡಗಿನವರು ಪೆಸಿಫಿಕ್ ಸಾಗರದ ಇಂದಿನ ವನವಾಟು ದೇಶದ ಮಾಲೆಕುಲಾ ದ್ವೀಪದ ಬಳಿ ಹಿಡಿದ ಮೀನು ತಿಂದು ಹಾಸಿಗೆ ಹಿಡಿದರು, ಮಿಕ್ಕಿದ್ದು ತಿಂದ ಹಂದಿ ನಾಯಿಗಳೂ ಕಾಯಿಲೆ ಬಿದ್ದವು. ಅದು ಇದೇ ವಿಷ ಅಂತ ಈಗ ಹೇಳುತ್ತಾರೆ. ವಿಷದ ಮಾತು ಬಿಡಿ, ಅನೇಕ ಜಾತಿಯ ಗ್ರೂಪರ್‌ಗಳು ಹೆಣ್ಣಾಗಿ ಬೆಳೆದು, ದೊಡ್ಡದಾದ ಮೇಲೆ ಗಂಡಾಗುತ್ತವೆ. ಒಂದು ದಿಬ್ಬದ ದೊಡ್ಡ ಗ್ರೂಪರ್‌ಗಳನ್ನೆಲ್ಲ ಹೊಡೆದರೆ ಅಲ್ಲಿ ಗಂಡು ಎಲ್ಲಿಂದ ಬರಬೇಕು? ಹವಳದ ಮೇಲಿನ ಪಾಚಿ ಮೇಯುವ ಗಿಳಿಮೀನನ್ನೂ ಬಿಡೋದಿಲ್ಲ. ಬೆಲೀಜ್ ದೇಶ 2009ರಲ್ಲೇ ಅದನ್ನು ಹಿಡಿಯೋದು ನಿಷೇಧಿಸಿತು.

ಸಮುದ್ರ ಇಷ್ಟು ದೊಡ್ಡದಿದೆ, ಕಾರ್ಖಾನೆಯಂಥ ಹಡಗುಗಳು ಟನ್‌ಗಟ್ಟಲೆ ಬಾಚುವಾಗ ನಮ್ಮ ಒಂದು ಮೀನು ಯಾವ ಲೆಕ್ಕ ಅಂತ ಕೇಳುವವರಿದ್ದಾರೆ. ಮಾಹಿಮಾಹಿ ಹುಟ್ಟಿದ ವರ್ಷದೊಳಗೇ ಮೊಟ್ಟೆ ಇಡುತ್ತದೆ, ಐದು ವರ್ಷ ಬದುಕಿದರೆ ಹೆಚ್ಚು, ಅದಕ್ಕೇನೂ ಕೊರತೆಯಿಲ್ಲ ಅನ್ನುತ್ತಾರೆ. ಇರಬಹುದು. ಆ ಹಡಗುಗಳ ಪಾಪ ನಮ್ಮ ಕೈಯಿಂದ ಇಳಿಯುವಂಥದ್ದಲ್ಲ. ಆದರೆ ನಮ್ಮ ದಾರ ನಮ್ಮ ಕೈಯಲ್ಲೇ ಇದೆ. ಬಿಸಾಡಿದ್ದನ್ನು ಬೇರೆ ಮೀನು ತಿನ್ನುತ್ತವೆ ಅನ್ನೋದೂ ನಿಜ, ಅವುಗಳ ಜೊತೆ ಶಾರ್ಕ್ ಕೂಡ ಬರುತ್ತದೆ, ಮಕ್ಕಳು ಈಜುವ ಜಾಗಕ್ಕೆ.

ಒಂದು ಮಾತು ಹೇಳಿಬಿಡುತ್ತೇನೆ. ಮೊದಲ ವರ್ಷ ನಾನೂ ಇದನ್ನೇ ಮಾಡಿದ್ದೆ. ಕೊಕ್ಕೆಗೆ ಸಿಕ್ಕ ಮಾಹಿಮಾಹಿಯ ಜೊತೆಗೇ ಇನ್ನೊಂದು ದೋಣಿಯ ಪಕ್ಕ ಈಜಿಕೊಂಡು ಬಂತು. ಮೊದಲನೆಯದನ್ನು ಮೇಲೆತ್ತಿದ ಮೇಲೂ ಹೋಗಲಿಲ್ಲ. ಇವರು ಸಾಕು ಬಿಡು ಅಂದರು. ನಾನೇ ಕೇಳಲಿಲ್ಲ, ದಾರ ಬಿಟ್ಟೆ, ಕ್ಷಣದಲ್ಲಿ ಕಚ್ಚಿತು. ಆಗ ನಮ್ಮಲ್ಲಿ ಫ್ರೀಜರ್ ಇರಲಿಲ್ಲ. ಮಾರನೇ ದಿನ ಮಧ್ಯಾಹ್ನ ಬಕೆಟ್ಟಿನಲ್ಲಿ ಉಳಿದ ಮಾಂಸ ನಾನೇ ನೀರಿಗೆ ಸುರಿದೆ. ಪಕ್ಕದಲ್ಲಿ ಈಜುತ್ತಿದ್ದಾಗ ಆ ಎರಡನೇ ಮೀನಿನ ಕಣ್ಣು ದೋಣಿಯ ಕಡೆಗೇ ಇದ್ದದ್ದು ಇವತ್ತಿಗೂ ಮರೆತಿಲ್ಲ.

ಅವತ್ತು ಕೊಲ್ಲಿಯಲ್ಲಿ ನಮ್ಮದೊಂದೇ ದೋಣಿ ಇತ್ತು, ಕೊಡೋಣ ಅಂದರೂ ಯಾರೂ ಇರಲಿಲ್ಲ. ಇಲ್ಲಿ ನಾಲ್ಕು ದೋಣಿಗಳಿವೆ. ಒಂದರಲ್ಲಿ ಇಬ್ಬರು ಮಕ್ಕಳು, ಅವರ ಹತ್ತಿರ ಹತ್ತು ದಿನದಿಂದ ಡಬ್ಬಿ ಊಟ. ಮೊನ್ನೆ ರಾತ್ರಿ ರೇಡಿಯೋದಲ್ಲಿ ‘ಮೀನು ಜಾಸ್ತಿ ಇದೆ, ಬನ್ನಿ’ ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನೇ ಪಾತ್ರೆ ತೆಗೆದುಕೊಂಡು ನಮ್ಮ ಪುಟ್ಟ ಡಿಂಗಿ ದೋಣಿಯಲ್ಲಿ ಹೋಗುತ್ತಿದ್ದೆ. ನಮ್ಮ ರೇಡಿಯೋ ಹತ್ತು ಗಂಟೆಯವರೆಗೂ ಆನ್ ಇತ್ತು.